ಗ್ಯಾಲರಿಯ ಅಡಿಯಲ್ಲಿ ಇಪ್ಪತ್ತಾರು ವರ್ಷ

ನವೆಂಬರ್ ತಿಂಗಳ ಶನಿವಾರ, ಬೆಳಗಿನ ಐದೂವರೆ. ಟಾಲ್ಬಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ, ಪೂರ್ವ ಗ್ಯಾಲರಿಯ ಅಡಿಯಲ್ಲಿ, ಹಿಮ ಕೂತ ಹುಲ್ಲಿನ ಮೇಲೆ ರಟ್ಟು ಹಾಸಿಕೊಂಡು ಆರ್ಲಿನ್ ಹೋವ್ಲಾಂಡ್ ಅಂಗಾತ ಮಲಗಿದ್ದಾರೆ. ಹಣೆಯಲ್ಲಿ ದೀಪ, ಕೈಯಲ್ಲಿ ಪುಟ್ಟ ಸುತ್ತಿಗೆ. ಒಂದೊಂದೇ ಬೋಲ್ಟನ್ನು ತಟ್ಟಿ ಕಿವಿಗೊಡುತ್ತಾರೆ. ಬಿಗಿಯಾಗಿದ್ದರೆ ಠಣ್ ಎನ್ನುತ್ತದೆ. ಸಡಿಲವಾಗಿದ್ದರೆ ಗೊಣಗುತ್ತದೆ.

"ಹಲ್ಲಿನ ಡಾಕ್ಟ್ರ ಕೆಲ್ಸಾನೇ ಇದು," ಎನ್ನುತ್ತಾರೆ. "ನನ್ನ ಪೇಶೆಂಟುಗಳು ಅಳಲ್ಲ, ಅಷ್ಟೇ."

ಒಟ್ಟು ಮೂರು ಸಾವಿರದ ನೂರ ಎಂಬತ್ತನಾಲ್ಕು ಬೋಲ್ಟು. ಅರ್ಧ ಶುಕ್ರವಾರ, ಇನ್ನರ್ಧ ಪಂದ್ಯದ ಬೆಳಗ್ಗೆ. ಸಾಧಾರಣ ಪಂದ್ಯಕ್ಕೆ ನಲವತ್ತು ಸಡಿಲವಾಗುತ್ತವೆ. ನದಿಯಾಚೆಯ ಮಾರ್ಲೋ ತಂಡವನ್ನು ಸೋಲಿಸಿದ ವರ್ಷ ನೂರ ಹನ್ನೆರಡು. "ಯಾರು ಗೆದ್ರು ಅಂತ ಪೇಪರ್ ನೋಡ್ಬೇಕಾಗಿಲ್ಲ ನಂಗೆ."

ಇಲ್ಲಿನ ತಂಡದ ಹೆಸರು ಹೇಸರಗತ್ತೆಗಳು. ಪಂದ್ಯಕ್ಕೆ ಮುಂಚೆ ಒಬ್ಬರು ಕೂಗುತ್ತಾರೆ: ಯಾರು ಜಗ್ಗಲ್ಲ? ಗ್ಯಾಲರಿ ಉತ್ತರಿಸುತ್ತದೆ: ನಾವು ಜಗ್ಗಲ್ಲ. ಆಮೇಲೆ ನಾಲ್ಕು ಸಾವಿರ ಜನ ಒಟ್ಟಿಗೆ ಮೂರು ಸಲ ಹಲಗೆ ತುಳಿಯುತ್ತಾರೆ. ಆ ಮೂರು ತುಳಿತ ಕೇಳಿಸದೆ ತಂಡದ ಹುಡುಗರು ಮೈದಾನಕ್ಕೆ ತೆರೆಯುವ ಸುರಂಗದಿಂದ ಹೊರಬರುವುದಿಲ್ಲ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಜನ ಹೀಗೆ ತುಳಿಯುವುದರಿಂದಲೇ ಆರ್ಲಿನ್‌ಗೆ ಕೆಲಸ.

ಅವರಿಗೀಗ ಅರವತ್ಮೂರು. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಒಂದು ಚಳಿಗಾಲ ಎಡಗೈಯ ಎರಡು ಬೆರಳುಗಳ ಸ್ಪರ್ಶಜ್ಞಾನವನ್ನೇ ಕಸಿದುಕೊಂಡಿತು. ಪಂದ್ಯ ನಡೆಯುವಾಗಲೂ ಅವರು ಗ್ಯಾಲರಿಯ ಕೆಳಗೇ ಇದ್ದು ಶಬ್ದ ಕೇಳುತ್ತಿರುತ್ತಾರೆ. ಹೋದ ತಿಂಗಳು ಗೇಟಿನವನು ಅವರನ್ನೇ ತಡೆದು ಟಿಕೆಟ್ ಕೇಳಿದನಂತೆ.

ಏಳು ಗಂಟೆಯ ಹೊತ್ತಿಗೆ, ಸಿ ವಿಭಾಗದ ಕೆಳಗೆ, ಅವರ ಕೈ ನಿಲ್ಲುತ್ತದೆ. ಬೋಲ್ಟು ಸರಿಯಾಗಿದೆ, ಅದನ್ನು ಹಿಡಿದ ಕಬ್ಬಿಣದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು. ಹೊಸ ಪಟ್ಟಿ ಸೋಮವಾರಕ್ಕೆ ಮುಂಚೆ ಸಿಗುವುದಿಲ್ಲ. ಇಂದು ಮಧ್ಯಾಹ್ನ ಒಂದಕ್ಕೆ ಈ ವರ್ಷದ ಕೊನೆಯ ಪಂದ್ಯ, ಅದೂ ಮಾರ್ಲೋ ಎದುರು. ಕೂಗು ಹುಟ್ಟುವುದು ಸಿ ವಿಭಾಗದಲ್ಲೇ. ಅಲ್ಲಿನವರ ಕಾಲಿನ ಸದ್ದು ಹಿಡಿದೇ ಉಳಿದ ಗ್ಯಾಲರಿ ತುಳಿಯುವುದು.

ಆರ್ಲಿನ್ ಕಾಲೇಜಿಗೆ ಫೋನ್ ಮಾಡಿ ವಿಭಾಗ ಮುಚ್ಚಿಸುತ್ತಾರೆ. ನೂರ ನಲವತ್ತು ಸೀಟು.

ಹತ್ತು ಗಂಟೆಗೆಲ್ಲ ಹೊರಗಿನ ಬಯಲಿನಲ್ಲಿ ಪಂದ್ಯದ ದಿನದ ಊಟಕ್ಕೆ ಟ್ರಕ್ಕುಗಳ ಹಿಂಬಾಗಿಲುಗಳು ತೆರೆದಿವೆ. ಸಾಸೇಜು ಸುಡುವ ಹೊಗೆ, ಕೆಂಪು ಬಳಿದ ಮುಖಗಳು. ಮೂವತ್ತೆರಡು ವರ್ಷಗಳಿಂದ ಕೂಗು ಶುರುಮಾಡುವ ಡೀ ಕ್ರೂಗರ್, ನಿವೃತ್ತ ಶಾಲಾ ಅಡುಗೆಯಾಕೆ, ಸಿ ವಿಭಾಗಕ್ಕೆ ಅಡ್ಡಲಾಗಿ ಹಳದಿ ಹಗ್ಗ ಕಟ್ಟುತ್ತಿರುವ ಆರ್ಲಿನ್ ಎದುರು ಬಂದು ನಿಲ್ಲುತ್ತಾರೆ.

"ಏನಪ್ಪಾ, ಈ ಹಗ್ಗ ನಂಗೋ, ಹೇಸರಗತ್ತೆಗೋ?"

"ನಿಂಗೇ, ಡೀ. ಕತ್ತೆಯಾದ್ರೆ ಹೇಳಿದ ಮಾತು ಕೇಳುತ್ತೆ."

"ನಾನೇನು ಅಷ್ಟು ಭಾರ ಇದೀನಾ?"

"ನೀನೊಬ್ಳೇ ಅಲ್ಲ. ನಿನ್ನ ಜೊತೆ ನೂರ ಮೂವತ್ತೊಂಬತ್ತು ಜನ."

ಸಿ ವಿಭಾಗದವರಿಗೆ ದಕ್ಷಿಣ ತುದಿಯ ಹುಲ್ಲು ದಿಬ್ಬದಲ್ಲಿ ಜಾಗ ಕೊಡುತ್ತಾರೆ. ಹನ್ನೆರಡೂ ಮುಕ್ಕಾಲಿಗೆ ಡೀ ಅಲ್ಲಿಂದಲೇ ಕೂಗುತ್ತಾರೆ. ಉತ್ತರವೇನೋ ಬರುತ್ತದೆ. ಆದರೆ ಹುಲ್ಲಿನ ಮೇಲೆ ಇನ್ನೂರ ಎಂಬತ್ತು ಕಾಲು ತುಳಿದರೂ ಸದ್ದಿಲ್ಲ. ಲಯ ಸಿಗದ ಗ್ಯಾಲರಿ ಸುರಿದ ಆಲೂಗಡ್ಡೆಯಂತೆ ದಡಬಡ ಎನ್ನುತ್ತದೆ. ಎರಡನೇ ಸಲವೂ ಹಾಗೇ. ಮಾರ್ಲೋದವರು ನಗುತ್ತಾರೆ. ಸುರಂಗದಿಂದ ಯಾರೂ ಹೊರಬರುವುದಿಲ್ಲ.

ಆರ್ಲಿನ್ ಗ್ಯಾಲರಿಯ ಅಡಿಯಿಂದ ಬಗ್ಗಿಕೊಂಡು ಹೊರಬಂದು ಬಯಲಿನತ್ತ ಓಡುತ್ತಾರೆ. ಅಲ್ಲೊಂದು ಹಳೆಯ ವಿದ್ಯಾರ್ಥಿಗಳ ಗುಂಪು ಹುಲ್ಲು ಸಾಗಿಸುವ ಮರದ ಗಾಡಿಯ ಮೇಲೆ ಕೂತು ಊಟ ಮಾಡುತ್ತಿದೆ.

"ಇಳೀರಪ್ಪಾ. ಗಾಡಿ ಬೇಕು."

"ಚಿಲ್ಲಿ ಸಾರಿನ ಪಾತ್ರೆ ಇದೆ ಕಣಯ್ಯಾ ಮೇಲೆ."

"ಅದನ್ನೂ ಇಳಿಸ್ರಿ."

ಟ್ರಕ್ಕಿಗೆ ಸಿಕ್ಕಿಸಿದ ಗಾಡಿ ದಿಬ್ಬದ ಬುಡಕ್ಕೆ ಬರುತ್ತದೆ. ಆರ್ಲಿನ್ ಅದರ ಕೆಳಗೂ ನುಗ್ಗುತ್ತಾರೆ. ಗಡಿಯಾರ ಓಡುತ್ತಿದೆ, ಜನ ಗೊಣಗುತ್ತಿದ್ದಾರೆ, ಅವರು ಮಾತ್ರ ಅಚ್ಚು, ಹಲಗೆ, ಮೊಳೆ ಎಲ್ಲ ನೋಡಿ ಮುಗಿಸಿಯೇ ಎದ್ದು ಬಟ್ಟೆ ಕೊಡವಿಕೊಳ್ಳುತ್ತಾರೆ.

"ಇಪ್ಪತ್ತು ಜನ. ಇಪ್ಪತ್ತೊಂದಾದ್ರೆ ನಿನ್ನೇ ಇಳಿಸ್ತೀನಿ, ಡೀ."

ಡೀ ಹತ್ತುತ್ತಾರೆ. ಯಾರು ಜಗ್ಗಲ್ಲ? ನಾವು ಜಗ್ಗಲ್ಲ. ಒಣ ಹಲಗೆಯ ಮೇಲೆ ನಲವತ್ತು ಬೂಟುಗಳು ಬೀಳುತ್ತವೆ. ಗ್ಯಾಲರಿ ಅದನ್ನು ಹಿಡಿಯುತ್ತದೆ. ಒಂದು, ಎರಡು, ಮೂರು. ಸುರಂಗದಿಂದ ಕೆಂಪು ಅಂಗಿಗಳು ನುಗ್ಗಿ ಬರುತ್ತವೆ.

ಪಂದ್ಯದಲ್ಲಿ ಹೇಸರಗತ್ತೆಗಳು ಮೂರು ಅಂಕದಿಂದ ಸೋಲುತ್ತವೆ. ಆದರೂ ಬಯಲಿನಲ್ಲಿ ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಯಾರೋ ಆರ್ಲಿನ್ ಕೈಗೆ ಚಿಲ್ಲಿ ಬಟ್ಟಲು ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಆ ತುಳಿತವನ್ನು ಅವರು ಎದುರಿನಿಂದ ನೋಡಿದ್ದು ಇದೇ ಮೊದಲು. ಹೇಗಿತ್ತು ಎಂದು ಕೇಳಿದರೆ ಚಮಚದಿಂದ ಗ್ಯಾಲರಿಯತ್ತ ತೋರಿಸುತ್ತಾರೆ.

"ತುಳಿಯೋವಾಗ ಎಲ್ರೂ ನಗ್ತಾರೆ ಅಂತ ಗೊತ್ತೇ ಇರ್ಲಿಲ್ಲ," ಎನ್ನುತ್ತಾರೆ. "ಕೆಳಗಿಂದ ಬರೀ ಬೂಟಿನ ತಳ ಕಾಣ್ಸುತ್ತೆ, ನೋಡಿ."