ಗಂಗೆ ತರಲು ಕರೆಯಲಿಲ್ಲ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮದುವೆಯೆಂದರೆ ಮುತ್ತೈದೆಯರು ವಾಲಗದೊಂದಿಗೆ ಕೆರೆಗೆ ಹೋಗಿ, ಪೂಜೆ ಮಾಡಿ, ಕಳಶದಲ್ಲಿ ಗಂಗೆ ತರಬೇಕು. ಆದರೆ ರೇಷ್ಮೆ ನೂಲಿಗೆ ಬಣ್ಣ ಹಾಕುವವರು ಉಳಿದ ನೀರನ್ನೆಲ್ಲ ಕೆರೆಗೇ ಬಿಡತೊಡಗಿದರು. ಮೂಗು ಮುಚ್ಚಿಕೊಂಡು ಪೂಜೆ ಮಾಡುವುದು ಹೇಗೆ? ಬೀದಿಯ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ ನೀರು ಹಿಡಿದು ತರುವುದು ರೂಢಿಯಾಯಿತು. ನಲ್ಲಿಗೆ ಕೈಮುಗಿಯುವಾಗ ನನಗೆ ಭಕ್ತಿ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಬಣ್ಣದ ನೀರು ಬಿಡುವವರಲ್ಲಿ ನನ್ನ ಪಕ್ಕದ ಮನೆಯವರೂ ಇದ್ದರು. ಆ ಮನೆಯೊಡತಿ ನನ್ನ ಗೆಳತಿ. ನಮ್ಮ ಯಜಮಾನರು ಹಗಲೆಲ್ಲ ಮಗ್ಗದ ಸದ್ದಿನಲ್ಲಿದ್ದು ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಊಟಕ್ಕೆ ಮಾತ್ರ. ನನ್ನ ಮಾತುಕತೆಯೆಲ್ಲ ಅವಳ ಜೊತೆಗೇ. ಅವಳ ಮಗಳು ಚಿಕ್ಕವಳಿದ್ದಾಗ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವಳು ನಾನು.

"ನೀರು ಶುದ್ಧ ಮಾಡೋ ತೊಟ್ಟಿ ಕಟ್ಟಿಸೇ," ಎಂದು ಎಷ್ಟೋ ಸಲ ಹೇಳಿದ್ದೆ.

"ನಾವೊಬ್ರು ನಿಲ್ಸಿದ್ರೆ ಕೆರೆ ಸರಿಹೋಗ್ತದೇನೇ?" ಎಂದು ನಗುತ್ತಿದ್ದಳು.

ಒಂದು ದಿನ ಮಾಲಿನ್ಯ ಮಂಡಳಿಯ ಅಧಿಕಾರಿಗಳು ಬಂದು, ಕೆರೆಗೆ ಬಣ್ಣದ ನೀರು ಬಿಡುವ ಪೈಪುಗಳೆಲ್ಲಿವೆ ಎಂದು ಕೇಳಿದರು. ಬೀದಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತರು. ನಾನು ಏರಿಯ ಮೇಲೆ ನಡೆದು, ಜೊಂಡಿನೊಳಗೆ ಅಡಗಿಸಿದ್ದ ಒಂದೊಂದನ್ನೂ ತೋರಿಸಿದೆ. ತೊಟ್ಟಿ ಕಟ್ಟಿಸುವವರೆಗೆ ಕೆಲಸ ನಿಲ್ಲಿಸಬೇಕೆಂದು ಎಲ್ಲರಿಗೂ ಆಜ್ಞೆಯಾಯಿತು.

ಅಂದು ಸಂಜೆ ಗೆಳತಿ ನಮ್ಮ ಬಾಗಿಲಿಗೆ ಬಂದಳು.

"ನನ್ ಮನೇದೂ ತೋರಿಸ್ಬಿಟ್ಯಲ್ಲೇ."

"ನಿಂದೊಂದು ಬಿಟ್ಟು ಮಿಕ್ಕಿದ್ದು ತೋರ್ಸೋಕಾಗ್ತದಾ?" ಎಂದೆ.

ಅವಳು ಹೊರಟುಹೋದಳು. ಅದೇ ನಮ್ಮ ಕೊನೆಯ ಮಾತು.

ಮಳೆಗಾಲ ಕಳೆಯುತ್ತಾ ಕೆರೆ ತಿಳಿಯಾಯಿತು. ನೀರುಕೋಳಿಗಳು ಮರಿ ಮಾಡಿದವು. ಬೆಳಿಗ್ಗೆ ಒಬ್ಬಳೇ ಏರಿಯ ಮೇಲೆ ಓಡಾಡಿ ಬರುತ್ತಿದ್ದೆ. ಅಷ್ಟು ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬೀದಿಯ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಈ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ಅವಳ ಗಂಡ ನಮ್ಮ ಯಜಮಾನರನ್ನು ಮಗ್ಗದ ಮನೆಯಲ್ಲೇ ಕಂಡು ಮದುವೆಗೆ ಕರೆದು ಹೋದರಂತೆ. ಹೆಂಗಸರನ್ನು ಕುಂಕುಮ ಕೊಟ್ಟು ಕರೆಯಬೇಕು. ನನಗೆ ಯಾರೂ ಕುಂಕುಮ ಕೊಡಲಿಲ್ಲ. ಆದರೂ ಕೊನೆ ಗಳಿಗೆಯಲ್ಲಾದರೂ ಬಂದಾಳೆಂದು, ಗಂಗೆ ತರುವ ದಿನ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ ರೇಷ್ಮೆ ಸೀರೆ ಉಟ್ಟು ಕೂತೆ.

ವಾಲಗದ ಸದ್ದು ಕೇಳಿ ಕಿಟಕಿಗೆ ಬಂದೆ. ಹೆಂಗಸರು ನಲ್ಲಿಯ ಕಡೆ ತಿರುಗಲಿಲ್ಲ, ಕೆರೆಯ ದಾರಿ ಹಿಡಿದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನನ್ನ ಎದೆ ತುಂಬಿ ಬಂತು. ಚಪ್ಪಲಿ ಮೆಟ್ಟಿಕೊಂಡು ಹೊಸಿಲ ತನಕ ಹೋದೆ. ಕರೆಯದೆ ಹೇಗೆ ಹೋಗುವುದು ಎಂದು ಅಲ್ಲೇ ನಿಂತೆ.

ಅವರು ಹಿಂತಿರುಗಿದಾಗಲೂ ಅಲ್ಲೇ ಇದ್ದೆ. ಗೆಳತಿ ಮುಂದೆ ನಡೆಯುತ್ತಿದ್ದಳು.

"ನೀರು ಎಷ್ಟ್ ಚೆನ್ನಾಗೈತೆ ಅಲ್ವಾ," ಎಂದು ಪಕ್ಕದವಳಿಗೆ ಹೇಳುತ್ತಾ, ನನ್ನ ಮುಂದೆಯೇ ಹಾದುಹೋದಳು.