ಮೈಸೂರೆಂದು ಹೇಳಿ ಹೋದ ರಜೆ

ಹೈದರಾಬಾದಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮದುವೆಯಾಗಿ ಗಂಗಾವತಿಗೆ ಬಂದಾಗಿನಿಂದ ಬೇಸಿಗೆ ರಜೆ ಅಂದರೆ ಹೈದರಾಬಾದು, ಹೈದರಾಬಾದು ಅಂದರೆ ನಾದಿನಿಯ ಮನೆ. ಆದರೆ ಆ ಊರು ಹೆಂಗೈತಿ ಅಂತ ಯಾರಾದರೂ ಕೇಳಿದರೆ ನಾನು ಹೇಳಬಹುದಾದದ್ದು ಅವಳ ಅಡುಗೆಮನೆಯ ಸಂಗತಿ ಮಾತ್ರ. ಹಿಟ್ಟಿನ ಡಬ್ಬಿ ಎಲ್ಲಿದೆ, ನಲ್ಲಿ ಯಾವಾಗ ಕೈಕೊಡುತ್ತದೆ, ಯಾವ ಒಲೆಯ ಉರಿ ಸಣ್ಣದಾಗುವುದಿಲ್ಲ. ಚಾರ್ಮಿನಾರನ್ನು ಒಮ್ಮೆ ಆಟೋದೊಳಗಿಂದ ನೋಡಿದ್ದೆ, ಅದೂ ಅರ್ಧ. ಇನ್ನರ್ಧಕ್ಕೆ ಅತ್ತೆಯವರ ತಲೆ ಅಡ್ಡ ಇತ್ತು.

ನಾನು ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಅಲ್ಲಿ ಬಾಗಿಲಲ್ಲಿ ನಿಂತರೆ ಕಣ್ಣು ಸೋಲುವವರೆಗೂ ಬಯಲು. ಗಂಗಾವತಿಯ ನಮ್ಮ ಮನೆ ರೈಸ್ ಮಿಲ್ಲಿನ ಬೆನ್ನಿಗೆ ಅಂಟಿಕೊಂಡಿದೆ. ಮಿಲ್ಲಿನ ಬೂದಿ ಒಳಗೆ ಬರುತ್ತದೆಂದು ಕಿಟಕಿಗಳನ್ನು ವರ್ಷವಿಡೀ ಮುಚ್ಚಿರುತ್ತೇವೆ. ಬೆಳಿಗ್ಗೆ ಕಾಲುವೆಯಾಚೆಯ ಸಾಲಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತೇನೆ, ಸಂಜೆ ಬಂದು ಒಲೆ ಹಚ್ಚುತ್ತೇನೆ. ಹೋದ ಬೇಸಿಗೆಗೆ ಮಗಳು ಧಾರವಾಡದ ಹಾಸ್ಟೆಲಿನಲ್ಲೇ ಉಳಿದಳು. ಅತ್ತೆಯವರು ಮಂಡಿನೋವಿನಿಂದ ಬಸ್ಸು ಹತ್ತುವ ಹಾಗಿರಲಿಲ್ಲ. ನಾವಿಬ್ಬರೇ. ಆಗ ಗಂಡನಿಗೆ ಹೇಳಿದೆ, "ಈ ಸಲ ಹೈದರಾಬಾದಿನಾಗ ಹೋಟೆಲ್ ಹಿಡಿಯೋಣ್ರಿ. ಊರು ನೋಡೋಣ."

ಪೈಪು, ಪಂಪ್‌ಸೆಟ್ಟುಗಳ ಅಂಗಡಿಯಲ್ಲಿ ಇಡೀ ದಿನ ಮಾತಾಡಿ ದಣಿದು ಬರುವ ಮನುಷ್ಯ. "ನೋಡು ನಿನಗ ತಿಳಿದಂಗ" ಅಂದರು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಹೋಟೆಲ್ ಹುಡುಕಿದ ಆ ವಾರದಷ್ಟು ಖುಷಿಯ ವಾರ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಸಾಲಿಯಲ್ಲಿ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಅನ್ನ ಕುದಿಯುವಾಗ, ಮೊಬೈಲಿನಲ್ಲಿ ಕೋಣೆಗಳನ್ನೇ ನೋಡುತ್ತಿದ್ದೆ. ಬಿಳಿ ಹಾಸಿಗೆ, ದಪ್ಪ ದಿಂಬು. ಇದ್ದು ಬಂದವರು ಬರೆದದ್ದನ್ನೆಲ್ಲ ಓದಿದೆ. ಒಂದರ ಕೆಳಗೆ ಮದುವೆ ಹಾಲ್ ಇದೆಯಂತೆ, ಬ್ಯಾಂಡಿನ ಗದ್ದಲ. ಇನ್ನೊಂದರಲ್ಲಿ ಬಚ್ಚಲು ಛಲೋ ಇದೆ, ಆದರೆ ಊರು ಬಿಟ್ಟು ಅಷ್ಟು ದೂರ. ಕೊನೆಗೆ ಒಂದು ಸಿಕ್ಕಿತು. ಹಳೇ ಬಜಾರಿನ ಬದಿಗೆ, ವಸ್ತುಸಂಗ್ರಹಾಲಯಕ್ಕೆ ನಡೆದುಕೊಂಡೇ ಹೋಗಬಹುದು, ಮೆಟ್ರೋ ಹತ್ತಿರ. ಫೋನ್ ಮಾಡಿ ನನ್ನ ಹರಕು ಹಿಂದಿಯಲ್ಲಿ ಕೋಣೆಗೆ ಕಿಟಕಿ ಇದೆಯಾ ಅಂತ ಕೇಳಿದೆ. ರಸ್ತೆ ಕಡೆಗೆ ದೊಡ್ಡ ಕಿಟಕಿ ಇದೆ ಅಂದರು. ಅದನ್ನೇ ಹಿಡಿದೆ.

ಮರುದಿನ ಅತ್ತೆಯವರು ಮಗಳಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದರು. ಆ ಕಡೆ ನಾದಿನಿ ಅತ್ತಳು. ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. "ನಾನಿಲ್ಲಿ ಜೀವಂತ ಅದೀನಿ, ನಮ್ಮಣ್ಣ ಹೋಟೆಲಿನಾಗ ಮಲಗ್ತಾನಂತ? ಇವರ ಮನಿಯವರು ನನಗೇನಂದಾರು?"

ಅತ್ತೆಯವರು ನನ್ನ ಕಡೆ ತಿರುಗಿ, "ಕೇಳಿದಿ?" ಅಂದರು. ಅಷ್ಟೇ. ಆಮೇಲೆ ಮಾತು ಬಿಟ್ಟರು. ಅವರು ಮಾತು ಬಿಟ್ಟರೆ ನಮ್ಮ ಮನೆಯಲ್ಲಿ ಗೋಡೆಗಳೂ ಹತ್ತಿರ ಸರಿದಂಗಾಗುತ್ತದೆ. ಗಂಡ ಮೆತ್ತಗೆ, "ಕ್ಯಾನ್ಸಲ್ ಮಾಡಿಬಿಡು" ಅಂದರು. "ಮಾಡಂಗಿಲ್ಲ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಗ ಅವರೊಂದು ಉಪಾಯ ತೆಗೆದರು. ತಾಯಿಗೂ ತಂಗಿಗೂ ಮೈಸೂರಿಗೆ ಹೊರಟಿದ್ದೇವೆ ಅಂತ ಹೇಳುವುದು. ಮೈಸೂರಿನಲ್ಲಿ ನಮ್ಮವರು ಯಾರೂ ಇಲ್ಲ, ಹಾಗಾಗಿ ಹೋಟೆಲ್ ಹಿಡಿದರೆ ಯಾರಿಗೂ ನೋವಾಗುವುದಿಲ್ಲ. ಅತ್ತೆಯವರ ಮುಖ ತಿಳಿಯಾಯಿತು. ದಾರಿಗೆಂದು ಹುಲಿಗಿ ಅಮ್ಮನ ಗುಡಿಯ ಅರಿಶಿನ ಭಂಡಾರ ಹಣೆಗೆ ಹಚ್ಚಿ, "ಚಾಮುಂಡಿಗೆ ನಂದೂ ಒಂದು ಕಾಯಿ ಒಡಸ್ರಿ" ಅಂದರು. ನಾನು ತಲೆ ಎತ್ತಲಿಲ್ಲ.

ಬೆಳಿಗ್ಗೆ ಹೈದರಾಬಾದಿನಲ್ಲಿ ಇಳಿದು ಹೋಟೆಲಿಗೆ ಹೋದೆವು. ಕೋಣೆ ಮೊಬೈಲಿನಲ್ಲಿ ಕಂಡಷ್ಟೇ ಚೆನ್ನಾಗಿತ್ತು. ಬಿಳಿ ಹಾಸಿಗೆಯ ಮೇಲೆ ಕೂರಲು ಮನಸ್ಸು ಬರಲಿಲ್ಲ, ಅಷ್ಟು ನೀಟು. ಕಿಟಕಿಯೂ ದೊಡ್ಡದು, ಆದರೆ ಒಂದೇ ಗಾಜು. ತೆರೆಯಲು ಹಿಡಿಕೆಯೇ ಇರಲಿಲ್ಲ. ನಾನು ಗಾಜನ್ನು ತಡವುತ್ತಿದ್ದಾಗ ಪಕ್ಕಕ್ಕೆ ಬಂದ ಗಂಡ ಕೆಳಗೆ ನೋಡಿ ಹಿಂದೆ ಸರಿದರು.

"ಏನಾತ್ರಿ?"

"ಆ ಬಟ್ಟಿ ಅಂಗಡಿ ಸಾಲು ನೋಡು. ಮೂಲಿಯಾಗಿನದು ಅವಂದು."

ಅವಂದು ಅಂದರೆ ನಾದಿನಿಯ ಗಂಡನದು. ಅವನಿಗೆ ಬಟ್ಟೆ ವ್ಯಾಪಾರ ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ಅಂಗಡಿಗೆ ನನ್ನನ್ನು ಯಾರೂ ಯಾವತ್ತೂ ಕರೆದುಕೊಂಡು ಹೋಗಿರಲಿಲ್ಲ. ಅಷ್ಟು ಹುಡುಕಿ ಆರಿಸಿದ ಊರ ನಟ್ಟನಡುವಿನ ಹೋಟೆಲ್ಲು ಅವನ ಗಲ್ಲಾಪೆಟ್ಟಿಗೆಯ ಎದುರಿಗೇ ನಿಂತಿತ್ತು.

ಗಂಡ ಪರದೆ ಎಳೆದರು. ಆ ದಿನ ನಾವು ಹೊರಗೆ ಹೋಗಲಿಲ್ಲ. ಮಧ್ಯಾಹ್ನ ಹೋಗೋಣ ಅಂದರು, ಮಧ್ಯಾಹ್ನ ಬಿಸಿಲು ಅಂದರು, ಸಂಜೆ ಗಿರಾಕಿ ಕರೆಯಲು ಅವನು ಅಂಗಡಿ ಬಾಗಿಲಲ್ಲಿ ನಿಂತಿರುತ್ತಾನೆ ಅಂದರು. ಊಟ ಕೋಣೆಗೇ ಬಂತು. ಕೆಳಗಿನ ಬಜಾರು ಸದ್ದಿಲ್ಲದ ಟಿವಿಯ ಹಾಗೆ ಪರದೆಯ ಸಂದಿಯಲ್ಲಿ ಕಾಣುತ್ತಿತ್ತು. ಬಳೆ, ಅತ್ತರು, ಬಣ್ಣದ ಶರಬತ್ತು, ಜನ. ಸಂಜೆ ಅತ್ತೆಯವರು ವಿಡಿಯೋ ಕಾಲ್ ಮಾಡಿ ಅರಮನೆಯ ದೀಪ ತೋರಿಸು ಅಂದರು. ಗಂಡ ಬಿಳಿ ಗೋಡೆಗೆ ಬೆನ್ನು ಹಚ್ಚಿ ನಿಂತು, "ಇಲ್ಲಿ ಮಳಿ ಬೇ, ಹೊರಗ ಹೋಗಾಕ ಆಗವಲ್ದು" ಅಂದರು. ಅವರ ಕಂಕುಳು ಬೆವತದ್ದು ನನಗೆ ಕಾಣುತ್ತಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಐವತ್ತು ದಾಟಿದ ಗಂಡಸು, ತನ್ನ ರಜೆಯಲ್ಲಿ ತಾನೇ ಕಳ್ಳನಾಗಿ ನಿಂತದ್ದು ನೋಡಿ ಸಂಕಟವಾಯಿತು.

ಮರುದಿನ ಬೆಳಿಗ್ಗೆಯೂ ಅದೇ ಪರದೆ. ಅವರು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ನಾನು ಹಾಸಿಗೆಯ ಮೇಲೆ ಕೂತು ನಾದಿನಿಗೆ ಫೋನ್ ಹಚ್ಚಿದೆ.

"ನಾವು ಮೈಸೂರಿಗೆ ಹೋಗಿಲ್ಲ. ನಿಮ್ಮೂರಾಗ ಅದೀವಿ. ಹೋಟೆಲಿನಾಗ."

ಗಂಡ ಮುಖಕ್ಕೆಲ್ಲ ನೊರೆ ಇಟ್ಟುಕೊಂಡೇ ಓಡಿ ಬಂದರು. ಆ ಕಡೆಯಿಂದ ನಾದಿನಿ, "ಯಾವ ಹೋಟೆಲ್ ವೈನಿ?" ಅಂತಷ್ಟೇ ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಬಂದಳು. ಒಬ್ಬಳೇ, ಕೈಯಲ್ಲಿ ಊಟದ ಡಬ್ಬಿ. ಜಗಳಕ್ಕೆ ಸಿದ್ಧಳಾಗಿ ನಾನು ಎದ್ದು ನಿಂತೆ. ಅವಳು ಅಣ್ಣನ ಮುಖವನ್ನೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಬಚ್ಚಲ ಬಾಗಿಲು ತೆಗೆದು ನೋಡಿದಳು. ಆಮೇಲೆ ಕೇಳಿದಳು, "ಈ ಬಾಗಿಲಾ ಒಳಗಿಂದ ಹಾಕಿದ್ರ ಯಾರೂ ಬರಂಗಿಲ್ಲೇನು?"

"ಯಾರೂ ಬರಂಗಿಲ್ಲ."

ಕೂತಳು. ಕೂತವಳು ಹೇಳತೊಡಗಿದಳು. ವರ್ಷದುದ್ದಕ್ಕೂ ಅವಳ ಮನೆಗೆ ನಮ್ಮ ಕಡೆಯವರು ಬರುತ್ತಲೇ ಇರುತ್ತಾರಂತೆ. ಯಲಬುರ್ಗಾದ ಚಿಕ್ಕಪ್ಪ ಕಣ್ಣಿನ ಆಪರೇಷನ್ನಿಗೆ, ಯಾರದೋ ಮಗ ಪರೀಕ್ಷೆಗೆ, ಇನ್ಯಾರದೋ ಮದುವೆ ಸೀರೆಗೆ. ಎರಡು ಕೋಣೆಯ ಮನೆ. ಬಂದವರಿಗೆ ಒಂದು, ಅತ್ತೆ ಮಾವನಿಗೆ ಒಂದು. ಅವಳು ಹಾಲ್‌ನಲ್ಲಿ ಚಾಪೆ ಹಾಸುತ್ತಾಳೆ. ಎಲ್ಲರೂ ಮಲಗಿದ ಮೇಲೆ ಮಲಗಬೇಕು, ಎಲ್ಲರಿಗಿಂತ ಮೊದಲು ಏಳಬೇಕು.

"ಹಂಗಾದ್ರ ಅವತ್ತು ಫೋನಿನಾಗ ಯಾಕ ಅಳಾಕತ್ತಿದ್ದಿ?" ನಾನು ಕೇಳಿದೆ.

"ಮತ್ತೇನು ಮಾಡಲಿ? ಅವ್ವ ಸ್ಪೀಕರ್ ಹಾಕಿದ್ಲು, ಇಲ್ಲಿ ನಮ್ಮತ್ತಿ ಬಾಜೂ ಕುಂತಿದ್ರು. ಹೋಟೆಲ್ ಅಂದಕೂಡಲೇ ನನಗ ಒಳಗ ಹಗುರಾತು ವೈನಿ. ಹಗುರಾತು ಅಂತ ತಿಳೀಬಾರದಲ್ಲ ಯಾರಿಗೂ. ಅದಕ್ಕ ಅತ್ತುಬಿಟ್ಟೆ."

ಇಷ್ಟು ವರ್ಷ ಅವಳ ಅಡುಗೆಮನೆಯಲ್ಲಿ ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ರೊಟ್ಟಿ ಬೇಯಿಸಿದ್ದೆವು. ಅವಳು ನನ್ನನ್ನು ಕೆಲಸಕ್ಕೆ ಹಚ್ಚುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ನಾನು ಅವಳ ಮನೆ ತುಂಬಿಸುತ್ತೇನೆ ಅಂತ ಅವಳು ಅಂದುಕೊಂಡಿದ್ದಳು.

"ಸ್ವಲ್ಪ ಮಲಗಲೇನು?" ಅಂದಳು. ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಮಲಗಿದ ಕೂಡಲೇ ನಿದ್ದೆ. ಗಂಡ ಕುರ್ಚಿಯಲ್ಲಿ ಕೂತು ತಂಗಿಯನ್ನೇ ನೋಡುತ್ತಿದ್ದರು. ಅವಳು ಹಗಲಲ್ಲಿ ಮಲಗಿದ್ದನ್ನು ಮದುವೆಯಾದ ಮೇಲೆ ನೋಡಿಯೇ ಇಲ್ಲ ಅಂತ ಪಿಸುಗುಟ್ಟಿದರು. ನಾನು ಡಬ್ಬಿ ತೆಗೆದೆ. ಅವರಿಗೆ ಸೇರುವ ಎಣ್ಣೆಗಾಯಿ ಮಾಡಿ ತಂದಿದ್ದಳು.

ಸಂಜೆ ಅವಳ ಫೋನ್ ಬಡಿದುಕೊಂಡಿತು, ಅವಳ ಗಂಡನದು. ಎಲ್ಲಿದ್ದೀ ಅಂದಾಗ ನಿದ್ದೆಗಣ್ಣಿನಲ್ಲಿ ಇದ್ದದ್ದು ಇದ್ದಂಗೇ ಹೇಳಿಬಿಟ್ಟಳು. ಅವನು ಎದುರಿನ ಅಂಗಡಿಯಿಂದ ಮೇಲೆ ಬರಲು ತಡ ಹಿಡಿಯಲಿಲ್ಲ. ಬಾಗಿಲಲ್ಲಿ ನಿಂತವನ ಮುಖ ಕೆಂಪಾಗಿತ್ತು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಕೂಗಾಡಿದ್ದರೆ ನಾವೂ ಏನಾದರೂ ಅನ್ನಬಹುದಿತ್ತು.

"ನಮ್ಮಿಂದ ಏನು ತಪ್ಪಾಗೇತ್ರಿ ಭಾವಾರ?" ಅಂತ ಕೈಮುಗಿದ. "ನಡೀರಿ, ಮನಿಗೆ ನಡೀರಿ. ಅಪ್ಪಾಜಿಗೆ ಗೊತ್ತಾದ್ರ ನಾ ಮಾರಿ ಹೆಂಗ ತೋರಸ್ಲಿ?"

ನನ್ನ ಗಂಡ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ನಾನು ನಾದಿನಿಯ ಕಡೆ ನೋಡಿದೆ. ಅವಳು ಹಾಸಿಗೆಯ ಸುಕ್ಕು ಬಿಡಿಸುತ್ತಿದ್ದಳು, ತನ್ನ ಮನೆಯದೇ ಅನ್ನುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ.

ಆ ರಾತ್ರಿಯ ಊಟಕ್ಕೆ ನಾವಿಬ್ಬರೂ ಅವಳ ಅಡುಗೆಮನೆಯಲ್ಲಿ ನಿಂತಿದ್ದೆವು. ಹೊರಗೆ ಗಂಡಸರು ಭತ್ತದ ದರ ಮಾತಾಡುತ್ತಿದ್ದರು. ಅವಳು ಹಿಟ್ಟು ಮಿದಿಯುತ್ತ, ದನಿ ತಗ್ಗಿಸಿ, "ಇನ್ನೊಮ್ಮೆ ಹೋಟೆಲ್ ಹಿಡಿದ್ರ ಅಣ್ಣಗೂ ಹೇಳಬ್ಯಾಡ್ರಿ ವೈನಿ. ನಾವಿಬ್ರೇ" ಅಂದಳು. ನಾನು ಹೂಂ ಅಂದೆ.

ದಸರೆ ರಜೆ ಬಂತು, ಹೋಯಿತು. ಹೈದರಾಬಾದಿಗೆ ಹೋದೆವು, ಅವಳ ಮನೆಯಲ್ಲೇ ಇಳಿದೆವು. ಯಲಬುರ್ಗಾದ ಚಿಕ್ಕಪ್ಪ ಆಗಲೇ ಕೋಣೆ ಹಿಡಿದಿದ್ದರು. ಹಾಲ್‌ನಲ್ಲಿ ಚಾಪೆ ಹಾಸಿ ನಾನೂ ಅವಳೂ ಪಕ್ಕಪಕ್ಕ ಮಲಗಿದೆವು.