ದೊಡ್ಡಪ್ಪನ ಬಾವಿ ಕುದಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಜಾಲಿಮುಳ್ಳಿನ ಬೇಲಿ ಇತ್ತು. ಬೇಲಿಯ ಆಚೆ ಬಾವಿ, ಈಚೆ ನಾವು. ಧರ್ಮಪುರದ ಕಡೆಯ ಸಣ್ಣ ಹಳ್ಳಿ ನಮ್ಮದು. ಮಳೆ ಕಡಿಮೆ, ಗಾಳಿ ಜಾಸ್ತಿ. ಹೊಲದಲ್ಲಿ ಶೇಂಗಾ, ಮನೆಯ ಹಿಂದೆ ಕುರಿಗಳ ರೊಪ್ಪ. ಬೇಸಿಗೆಯಲ್ಲಿ ಬರಿಗಾಲಲ್ಲಿ ಅಂಗಳ ದಾಟಬೇಕೆಂದರೆ ಕುಣಿಯುತ್ತಲೇ ದಾಟಬೇಕಿತ್ತು.

ಅಪ್ಪನೂ ದೊಡ್ಡಪ್ಪನೂ ಪಾಲಾದಾಗ ಬಾವಿ ದೊಡ್ಡಪ್ಪನ ಪಾಲಿಗೆ ಹೋಯಿತು. ನೀರು ಮಾತ್ರ ಇಬ್ಬರಿಗೂ ಎಂದು ಊರ ಹಿರಿಯರು ಹೇಳಿದ್ದರು. ಒಂದು ಬೇಸಿಗೆಯಲ್ಲಿ ನೀರು ತಳ ಕಂಡಿತು. ಕೊಡ ಇಳಿಸಿದರೆ ಕಲ್ಲಿಗೆ ತಾಗಿ ಠಣ್ ಎನ್ನುತ್ತಿತ್ತು. ಆಗ ದೊಡ್ಡವ್ವ ನಮ್ಮವ್ವನಿಗೆ, “ನಿಮ್ಮ ಕುರಿಗೆಲ್ಲ ಇಲ್ಲಿಂದ್ಲೇ ಸೇದಿದ್ರೆ ನಮ್ಮ ಮಕ್ಳಿಗೆ ಏನ್ ಉಳೀತೈತೆ?” ಎಂದುಬಿಟ್ಟಳು. ಕೊಡ ಎತ್ತಿಕೊಂಡು ಬಂದ ಅವ್ವ ಮತ್ತೆ ಆ ಕಡೆ ಕಾಲಿಡಲಿಲ್ಲ. ಅಂದಿನಿಂದ ಅವಳು, ಅಕ್ಕ, ನಾನು ಊರಾಚೆಯ ಹಳ್ಳಕ್ಕೆ ಹೋಗಿ, ಮರಳು ಬಗೆದು, ಒಸರುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ತುಂಬಿಕೊಂಡು ಬರುತ್ತಿದ್ದೆವು. ಅಪ್ಪ, ದೊಡ್ಡಪ್ಪ ದಾರಿಯಲ್ಲಿ ಎದುರಾದರೆ ಇಬ್ಬರೂ ತಮ್ಮ ತಮ್ಮ ಕುರಿಗಳನ್ನೇ ನೋಡುತ್ತಾ ಹೋಗಿಬಿಡುತ್ತಿದ್ದರು.

ಮರುವರ್ಷ ಶೇಂಗಾ ಮಾರಿದ ಮೇಲೆ ಅಪ್ಪ ಬಸ್ಸು ಹತ್ತಿ ಹಿರಿಯೂರಿಗೆ ಹೋದರು. ಅಲ್ಲಿ ಬೋರು ಕೊರೆಯುವ ಲಾರಿಯವನು ಅಪ್ಪನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದನಂತೆ. ಮಣ್ಣು ಎಷ್ಟು ಆಳ ಇದೆ, ಎಂಥ ಕಲ್ಲು, ಅಕ್ಕಪಕ್ಕದ ಬಾವಿಯಲ್ಲಿ ಬೇಸಿಗೆಗೆ ನೀರು ನಿಲ್ಲುತ್ತದೆಯೇ, ಲಾರಿ ಅಂಗಳದವರೆಗೆ ಬರುತ್ತದೆಯೇ. “ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ಕೇಳಲ್ಲ” ಎಂದು ಅಪ್ಪ ಮನೆಗೆ ಬಂದು ನಕ್ಕರು. ನಾವು ಮಕ್ಕಳು ಅಂದಿನಿಂದ ಲಾರಿಯ ದಾರಿ ಕಾಯತೊಡಗಿದೆವು.

ಲಾರಿ ಬಂದ ಬೆಳಿಗ್ಗೆ ಊರೇ ನಮ್ಮ ಅಂಗಳದಲ್ಲಿತ್ತು. ಬೆನ್ನ ಮೇಲೆ ಕಬ್ಬಿಣದ ಏಣಿಯಂಥದ್ದನ್ನು ಮಲಗಿಸಿಕೊಂಡಿದ್ದ ಅದು ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಮೇಸ್ತ್ರಿ ತಲೆಗೆ ಟವೆಲ್ಲು ಸುತ್ತಿದ ತೆಳ್ಳಗಿನ ಮನುಷ್ಯ. ತಮಿಳುನಾಡಿನವನು, ಕನ್ನಡವನ್ನು ಊರೂರು ತಿರುಗುತ್ತಲೇ ಕಲಿತಿದ್ದ. ಮಕ್ಕಳನ್ನೆಲ್ಲ ತನ್ನೂರಿನ ರೀತಿ ಅಕ್ಕರೆಯಿಂದ “ಕಣ್ಣು” ಎಂದು ಕರೆಯುತ್ತಿದ್ದ. ಇಳಿದವನೇ, “ಹತ್ರ ಬಾವಿ ಎಲ್ಲಿ? ಮೊದಲು ಅದು ನೋಡ್ಬೇಕು” ಎಂದ.

ಅಪ್ಪ ನೆಲ ನೋಡಿದರು. ಅವ್ವ ಒಳಗೆ ಹೋದಳು. ಅಕ್ಕ ನಗು ತಡೆದುಕೊಂಡು ಬೇಲಿಯಾಚೆ ಕೈ ತೋರಿಸಿದಳು. ಜಗಳದ ಸುದ್ದಿ ಗೊತ್ತಿಲ್ಲದ ಮೇಸ್ತ್ರಿ ಬೇಲಿ ಸುತ್ತಿ ನೆಟ್ಟಗೆ ದೊಡ್ಡಪ್ಪನ ಅಂಗಳಕ್ಕೆ ನಡೆದ. ಮಕ್ಕಳೆಲ್ಲ ಅವನ ಹಿಂದೆ ಓಡಿದೆವು. ಜಗುಲಿಯಲ್ಲಿದ್ದ ದೊಡ್ಡಪ್ಪ ಗಲಿಬಿಲಿಗೊಂಡು ಎದ್ದು ನಿಂತರು. ಆದರೆ ಮನೆಗೆ ಬಂದವರನ್ನು ಬೇಡ ಎನ್ನಲಾದೀತೇ? “ಬರ್ರಿ, ಕುಂತ್ಕಳ್ರಿ” ಎಂದು ಮಜ್ಜಿಗೆ ತರಿಸಿದರು.

ಮೇಸ್ತ್ರಿ ಮಜ್ಜಿಗೆ ಕುಡಿದು ಬಾವಿಗೆ ಬಗ್ಗಿದ. ನನ್ನನ್ನೂ ಹತ್ತಿರ ಕರೆದು ತೋರಿಸಿದ. ಅಷ್ಟು ದಿನ ನೀರು ಸೇದಿದ್ದರೂ ಆ ಬಾವಿಯ ಗೋಡೆಯನ್ನು ನಾನು ನೋಡಿರಲೇ ಇಲ್ಲ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥ ಮೆದು ಕಲ್ಲು. ಇನ್ನೂ ಕೆಳಗೆ ಬೂದು ಬಣ್ಣದ ಬಂಡೆ. ಬಂಡೆಯಲ್ಲಿ ಬಿಳಿ ಬೆಣಚುಕಲ್ಲಿನ ಪಟ್ಟೆಯೊಂದು ಓರೆಯಾಗಿ ಇಳಿದಿತ್ತು. ಅದರ ಅಂಚಿನಲ್ಲಿ ನೀರು ಜಿನುಗಿ ಮಿನುಗುತ್ತಿತ್ತು.

“ಬಂಡೆ ಒಳಗೆ ನೀರಿಲ್ಲ ಕಣ್ಣು. ಬಂಡೆ ಬಿಟ್ಟಿರೋ ಸಂದಿಲಿ ನೀರು. ಸಂದಿ ಸಿಕ್ಕಿದ್ರೆ ನೀರು, ಇಲ್ಲಾಂದ್ರೆ ಬರೀ ಧೂಳು.”

ವಾಪಸು ಬಂದು ಅಪ್ಪನಿಗೆ ಎರಡು ಜಾಗ ತೋರಿಸಿದ. ಒಂದು ಬೇಲಿಯ ಪಕ್ಕದಲ್ಲೇ. ಬಿಳಿ ಪಟ್ಟೆ ಅತ್ತಲೇ ವಾಲಿದೆ, ನೀರು ಸಿಕ್ಕೇ ಸಿಗುತ್ತದೆ ಎಂದ. ಇನ್ನೊಂದು ದೂರದಲ್ಲಿ, ರೊಪ್ಪದ ಹತ್ತಿರ. ಅಲ್ಲಿ ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೆ ಇಲ್ಲ.

ಅಪ್ಪ ಬೇಲಿಯತ್ತ ಒಮ್ಮೆ ನೋಡಿ ತಲೆಯಾಡಿಸಿದರು. “ಬೇಲಿ ಪಕ್ಕ ಬ್ಯಾಡ ಮೇಸ್ತ್ರಿ. ಅಣ್ಣನ ಬಾವಿ ನೀರು ಈ ಕಡೆ ಎಳ್ಕೊಂಡ್ರೆ ಅವ್ರೇನ್ ಮಾಡ್ಬೇಕು? ರೊಪ್ಪದ ಹತ್ರ ಹಾಕ್ರಿ.”

“ಸಿಗ್ಲಿಲ್ಲ ಅಂದ್ರೆ ನನ್ನ ಬೈಬಾರ್ದು.”

“ಬೈಯಲ್ಲ.”

ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಚಿಕ್ಕದಾಯಿತು. ಆದರೆ ಅವಳೂ ಬೇಡ ಎನ್ನಲಿಲ್ಲ. ಬೇಲಿಯಾಚೆ ದೊಡ್ಡಪ್ಪ ನಮಗೆ ಬೆನ್ನು ಹಾಕಿ ಹಗ್ಗ ಸುತ್ತುತ್ತಿದ್ದರು.

ಯಂತ್ರ ಶುರುವಾದಾಗ ಅಂಗಾಲಿನಿಂದ ಹಲ್ಲಿನವರೆಗೆ ನಡುಕ ಹತ್ತಿತು. ಅಡುಗೆಮನೆಯ ತಟ್ಟೆಗಳು ತಾವಾಗಿಯೇ ಗಲಗಲ ಎಂದವು. ಕೋಳಿಗಳು ಮಾಳಿಗೆ ಏರಿದವು. ಯಂತ್ರ ಒಳಗೆ ಊದುತ್ತಿದ್ದ ಗಾಳಿಗೆ ಮೊದಲು ಕೆಂಪು ಧೂಳು ಮೇಲೆ ಬಂತು, ಆಮೇಲೆ ಹಳದಿ, ಆಮೇಲೆ ಬೂದು. ಬಣ್ಣ ಬದಲಾದಾಗಲೆಲ್ಲ ನಾನು ಓಡಿ ಒಂದು ಹಿಡಿ ತಂದು ಜಗುಲಿಯ ಮೇಲೆ ಗುಡ್ಡೆ ಹಾಕುತ್ತಿದ್ದೆ. ಆಗತಾನೇ ಮೇಲೆ ಬಂದ ಕಲ್ಲಿನ ಪುಡಿ ಕೈಯಲ್ಲಿ ಬೆಚ್ಚಗಿರುತ್ತಿತ್ತು. ಮಧ್ಯಾಹ್ನ ಮುದ್ದೆಯ ಜೊತೆ ಧೂಳನ್ನೂ ನುಂಗಿದೆವು. ಅಕ್ಕನ ಎರಡು ಜಡೆ, ಅಪ್ಪನ ಮೀಸೆ, ಮೇಸ್ತ್ರಿಯ ರೆಪ್ಪೆ, ಎಲ್ಲವೂ ಒಂದೇ ಬಣ್ಣವಾಗಿದ್ದವು. ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು.

ಹೊತ್ತು ಇಳಿಯುತ್ತಾ ಬಂದಂತೆ ನಗು ನಿಂತಿತು. ಕೊಳವೆಗಳು ಒಂದಾದ ಮೇಲೊಂದು ನೆಲಕ್ಕಿಳಿದವು. ಬರುತ್ತಿದ್ದದ್ದು ಬೂದು ಧೂಳು ಮಾತ್ರ. ಅವ್ವ ಕಂಬಕ್ಕೆ ಒರಗಿ ನಿಂತವಳು ಕುಳಿತುಕೊಳ್ಳಲೇ ಇಲ್ಲ.

ಇದ್ದಕ್ಕಿದ್ದಂತೆ ಧೂಳೂ ನಿಂತುಹೋಯಿತು. ಯಂತ್ರ ಗರ್ಜಿಸುತ್ತಿದೆ, ಗುಂಡಿಯಿಂದ ಏನೂ ಬರುತ್ತಿಲ್ಲ. ಮೇಸ್ತ್ರಿ ಹುಬ್ಬು ಗಂಟಿಕ್ಕಿ ಬಗ್ಗಿ ನೋಡಿದ. ಅಷ್ಟರಲ್ಲಿ ಬೇಲಿಯಾಚೆಯಿಂದ ದೊಡ್ಡವ್ವನ ಕೂಗು ಕೇಳಿತು.

“ಬಾವಿ ಕುದೀತೈತೆ! ಯಾರಾದ್ರೂ ಬರ್ರೋ!”

ನಾನು ಬೇಲಿಯ ಸಂದಿಯಲ್ಲೇ ನುಗ್ಗಿದೆ. ಲಂಗ ಹರಿದದ್ದು ಆಮೇಲೆ ಗೊತ್ತಾಯಿತು. ನಿಜವಾಗಿಯೂ ಬಾವಿ ಕುದಿಯುತ್ತಿತ್ತು. ಎಸರು ಮರಳಿದಂತೆ ತಳದಿಂದ ಗುಳುಗುಳು ಗುಳ್ಳೆ ಏಳುತ್ತಿತ್ತು. ಕಪ್ಪೆಗಳು ಗಾಬರಿಯಾಗಿ ಗೋಡೆಯ ಕಲ್ಲು ಹಿಡಿದು ನೇತಾಡುತ್ತಿದ್ದವು.

ನಾವು ಆಚೆ ಓಡಿದರೆ ದೊಡ್ಡಪ್ಪ ಈಚೆ ಓಡಿದ್ದರು. “ಏನ್ ಮಾಡಿದ್ರಿ ನನ್ನ ಬಾವಿಗೆ?” ಎಂದು ಅವರು ಕೇಳುವುದು ನಾನು ತಿರುಗಿ ಬರುವಾಗ ಕೇಳಿಸಿತು. ಮೇಸ್ತ್ರಿ ಯಂತ್ರ ನಿಲ್ಲಿಸಿದ. ಗುಳ್ಳೆ ನಿಂತಿತೆಂದು ದೊಡ್ಡವ್ವ ಕೂಗಿದಳು. ಮತ್ತೆ ಶುರು ಮಾಡಿದ. ಮತ್ತೆ ಕುದಿಯಿತು. ಮೇಸ್ತ್ರಿ ಧೂಳಿನ ಮುಖದಲ್ಲಿ ಬಾಯಿ ತುಂಬ ನಕ್ಕ.

“ಇಲ್ಲಿ ಬಿಟ್ಟ ಗಾಳಿ ಅಲ್ಲಿ ಎದ್ದು ಬರ್ತಾ ಇದೆ. ಸಂದಿ ಸಿಕ್ತು. ಎರಡು ಮನೆ ಕೆಳಗೂ ಒಂದೇ ಸಂದಿ.”

ಅಪ್ಪನಿಗೆ ಮಾತ್ರ ನಗು ಬರಲಿಲ್ಲ. “ಹಂಗಾದ್ರೆ ಇಲ್ಲಿಗೇ ನಿಲ್ಸಿಬಿಡ್ರಿ ಮೇಸ್ತ್ರಿ” ಎಂದರು.

ದೊಡ್ಡಪ್ಪ ಅಪ್ಪನನ್ನೇ ನೋಡುತ್ತಾ ನಿಂತರು. ಎಷ್ಟೋ ತಿಂಗಳ ಮೇಲೆ ಅವರು ಅಪ್ಪನ ಮುಖ ನೋಡಿದ್ದು ಆಗಲೇ.

“ಯಾಕಪ್ಪ ನಿಲ್ಸೋದು? ಬೇಲಿ ಪಕ್ಕ ಬ್ಯಾಡ ಅಂದಿದ್ದು ನಂಗೂ ಕೇಳಿಸ್ತು. ಕೆಳಗೆ ಎಲ್ಲಾ ಒಂದೇ ಅಂದ್ಮೇಲೆ ಇನ್ನೇನೈತೆ. ಹೊಡೀರಿ ಮೇಸ್ತ್ರಿ.”

ಇನ್ನೊಂದಿಷ್ಟು ಇಳಿದಿರಬೇಕು. ಮೊದಲು ಕೆಸರು ಉಗುಳಿತು. ಆಮೇಲೆ ಬುಸ್ಸೆಂದು ನೀರು ಬೇವಿನ ಮರಕ್ಕಿಂತ ಎತ್ತರ ಹಾರಿತು. ಬೂದು ಬಣ್ಣದ, ಮಂಜಿನಂಥ ತಣ್ಣಗಿನ ನೀರು. ಮಕ್ಕಳೆಲ್ಲ ಅದರಡಿ ನುಗ್ಗಿದೆವು. ಕುರಿಗಳು ಅರಚುತ್ತಾ ರೊಪ್ಪದ ಮೂಲೆಗೆ ಒತ್ತಿಕೊಂಡವು. ಕೆಸರಿನಲ್ಲಿ ಜಾರಿ ಬಿದ್ದ ಅಕ್ಕ ಏಳುವ ಗೋಜಿಗೇ ಹೋಗದೆ ಕೂತಲ್ಲೇ ಕೈ ಬಡಿಯುತ್ತಿದ್ದಳು. ಅವ್ವ ಕೊಡ ತುಂಬಿಕೊಂಡು ಬೇಲಿಯ ಕಡೆ ನೋಡಿದಳು. ದೊಡ್ಡವ್ವ ಅಲ್ಲೇ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು. “ಬಾರಕ್ಕ, ನೋಡು ಬಾ” ಎಂದು ಅವ್ವ ಕರೆದಳು. ದೊಡ್ಡವ್ವ ಬಂದು, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಹಲ್ಲಿಗೆ ಸಿಕ್ಕ ಮರಳನ್ನು ಉಗುಳಿ, “ಸಿಹಿ ಐತೆ ಕಣೆ” ಎಂದಳು. ಇಬ್ಬರೂ ಅತ್ತರೋ ಮುಖ ಒದ್ದೆಯಾಗಿತ್ತೋ, ಆ ನೀರಿನಲ್ಲಿ ಗೊತ್ತಾಗಲಿಲ್ಲ.

ಬಾವಿಯ ನೀರು ಕೆಲವು ದಿನ ಕದಡಿಕೊಂಡಿದ್ದು ಆಮೇಲೆ ತಿಳಿಯಾಯಿತು. ನಮ್ಮಲ್ಲಿ ಕೈಯಿಂದ ಹೊಡೆಯುವ ಬೋರಿಂಗ್ ಕೂರಿಸಿದರು. ಅದರ ಹಿಡಿಗೆ ಜೋತುಬಿದ್ದು ಎರಡೂ ಮನೆಯ ಮಕ್ಕಳು ಸರದಿಯಂತೆ ನೀರು ಹೊಡೆಯುತ್ತಿದ್ದೆವು. ಬೇಲಿಯ ಮುಳ್ಳು ಒಂದು ವಾರ ದೊಡ್ಡಪ್ಪನ ಮನೆಯ ಬಚ್ಚಲ ಒಲೆಯಲ್ಲಿ ಉರಿಯಿತು.

ಮಕ್ಕಳೇ, ದುರ್ಗದಲ್ಲಿರುವ ನಿಮ್ಮ ಮೂರನೇ ಮಹಡಿಯ ಮನೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ “ಟ್ಯಾಂಕಿನಿಂದ” ಎನ್ನುತ್ತೀರಿ. ಅದು ಸುಳ್ಳೇನಲ್ಲ. ಟ್ಯಾಂಕಿನ ಕೆಳಗೆ ಪೈಪು, ಪೈಪಿನ ಕೆಳಗೆ ಬಂಡೆ, ಬಂಡೆಯ ನಡುವೆ ಎಲ್ಲೋ ಒಂದು ಸಂದಿ ಇದ್ದೇ ಇದೆ. ಈಗ ಅದನ್ನು ಹುಡುಕಿಕೊಂಡು ತುಂಬಾ ಆಳಕ್ಕೆ ಹೋಗಬೇಕು, ಅಷ್ಟೇ. ಮೊನ್ನೆ ಎದುರು ಸೈಟಿನಲ್ಲಿ ಬೋರು ಕೊರೆಯುವಾಗ ಧೂಳು ಬರುತ್ತದೆಂದು ನೀವು ಕಿಟಕಿ ಮುಚ್ಚಿ ಟಿವಿಯ ಸದ್ದು ಏರಿಸಿದಿರಿ. ನಾನೊಬ್ಬಳೇ ಮೂಗಿಗೆ ಸೆರಗು ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ. ಸಂಜೆ ಹೊತ್ತಿಗೆ ನಿಮ್ಮಲ್ಲಿ ಕಿರಿಯವಳು ಬಾಗಿಲು ಸರಿಸಿಕೊಂಡು ಬಂದು, “ಇನ್ನೂ ಬಂದಿಲ್ವಾ ಅಜ್ಜಿ?” ಎಂದು ನನ್ನ ಪಕ್ಕ ನಿಂತಳು. ಎದುರು ಸೈಟಿನವರು ಯಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆದರೂ ನೀರು ಚಿಮ್ಮಿದ ಕೂಡಲೇ ಇಬ್ಬರೂ ಚಪ್ಪಾಳೆ ತಟ್ಟಿದೆವು. ಕೆಳಗೆ ಒದ್ದೆಯಾಗಿ ನಿಂತಿದ್ದ ಆ ಸೈಟಿನಾಕೆ ತಲೆಯೆತ್ತಿ ನೋಡಿ ನಮ್ಮ ಕಡೆ ಕೈ ಬೀಸಿದಳು.